ಷರಾ

ಹನ್ನೊಂದು ಕಲಮುಗಳ ತಖ್ತೆ ಇದು.
ಕೊನೆಯದಕ್ಕೆ ಷರಾ ಎಂದು ಹೆಸರು,
ಅಗಲ ಒಂದೂವರೆ ಬೆರಳು.

ಅಘನಾಶಿನಿ ಇಳಿದ ನಾಲ್ಕನೆಯ ದಿನ
ಉಪ್ಪಿನಕೇರಿ ಶಾಲೆಯ ಜಗಲಿಯಲ್ಲಿ
ಒದ್ದೆ ಬೆಂಚಿಗೆ ಪ್ಲಾಸ್ಟಿಕ್ ಹಾಸಿ ಕೂತಿದ್ದೆ.
ಮನೆ: ಪೂರ್ಣ, ಭಾಗಶಃ.
ಜಾನುವಾರು: ದೊಡ್ಡದು, ಸಣ್ಣದು.
ಪೆನ್ನು ಕೂಡ ಕೆಸರು ನಾರುತ್ತಿತ್ತು.

ಸರದಿಯಲ್ಲಿ ಮಂಕಾಳಿ ಅಂಬಿಗ ಬಂದಳು.
ಗೋಡೆ ಹೋದದ್ದನ್ನು ಒಂದೇ ಮಾತಲ್ಲಿ ಮುಗಿಸಿದಳು,
ಬೇರೆ ಯಾರದೋ ಗೋಡೆಯೆಂಬ ಹಾಗೆ.
ಆಮೇಲೆ ಶುರುವಾಯಿತು:

"ಬರ್ಕೊ ತಮಾ. ಬೆಳಚಿನ ದಿಬ್ಬ ಒಂದು.
ನಮ್ಮ ಅವ್ವಿ ಕಾಲದಿಂದ ಹೆಕ್ಕಿ ತಿಂದದ್ದು.
ಮೇಲಿಂದ ಕೆಮ್ಮಣ್ಣು ಬಂದು ಕೂತು
ಎಲ್ಲಾ ಬಾಯಿ ಬಿಟ್ಕಂಡು ಸತ್ತವು.
ಬಿತ್ತಿ ಉಳಿದ ಕಗ್ಗದ ಬೀಜ, ಎರಡು ಮುಡೆ.
ಉಪ್ಪುನೀರಲ್ಲಿ ವಾರ ಮುಳುಗಿದ್ರೂ ಏಳೂ ಭತ್ತ ಅದು,
ಗದ್ದೇಲಿ ಏಳ್ತದೆ. ಮುಡೇಲೇ ಮೊಳೆತ್ರೆ ಎಂತಾ ಮಾಡೂದು?
ಮತ್ತೆ ಕಾಂಡ್ಲಾ. ಮುನ್ನೂರ ನಲವತ್ತು."

ಕಾಂಡ್ಲಾ ಮರ ನಿಮ್ಮದಾ, ಅಂದೆ.
"ನೆಟ್ಟದ್ದು ನಾನು. ನಂದು ಹೇಳಿ ಯಾರು ಅಂದ್ರು?"

ಹೊಳೆ ಕಿತ್ತಿತಾ?

"ಹೊಳೆ ಎಂತಕೆ ಕೀಳ್ತದೆ? ಹೋದ ಮಾಗೀಲಿ ಜೆಸಿಬಿ,
ಸಿಗಡಿ ಕೆರೆಗೆ. ಈ ಸಲ ಹೊಳೆ ಬಂದಾಗ
ತಡೆಯೂಕೆ ಅಲ್ಲಿ ಯಾರಿದ್ರು?"

ಕಳೆದ ವರ್ಷದ ನಷ್ಟ ಈ ತಖ್ತೆಯಲ್ಲಿ ಬರುವುದಿಲ್ಲ, ಅಂದೆ.
ಅವಳು ನನ್ನ ಕೈ ನೋಡಿದಳು,
ಮುಖ ಅಲ್ಲ.

ಆ ಸರ್ವೆ ನಂಬರು ನನಗೆ ಬಾಯಿಪಾಠ.
ಮುಂಡಗೋಡದ ಗೋವಿನಜೋಳದ ಹೊಲದವ ನಾನು.
ಬೂಟು ಒದ್ದೆಯಾಗದಷ್ಟು ದೂರದಲ್ಲಿ ಜೀಪು ನಿಲ್ಲಿಸಿ
ಬರೆದಿದ್ದೆ: ಖರಾಬು. ಯಾವ ಬೆಳೆಯೂ ಇಲ್ಲ.
ಬೇರುಗಳು ಮೊಣಕಾಲೆತ್ತಿ ನೀರಲ್ಲಿ ನಿಂತಿದ್ದವು,
ಒಂದು ಏಡಿಮರಿ ಅದರ ಸಂದಿನಿಂದ
ಕಣ್ಣು ಹೊರಗೆ ಹಾಕಿ ನನ್ನನ್ನು ನೋಡಿ
ಒಳಗೆ ಹೋಗಿತ್ತು.

ಅಮಾವಾಸ್ಯೆಯ ಭರತ, ದೇವಿಮನೆ ಘಟ್ಟದಲ್ಲಿ ಗುಡ್ಡ ಜಾರಿದ ರಾತ್ರಿ.
ಕಡಲು ಒಳಗೆ ಬರುತ್ತಿತ್ತು,
ಹೊಳೆ ಹೊರಗೆ ಹೋಗಬೇಕಿತ್ತು.
ಎರಡಕ್ಕೂ ಸಿಕ್ಕ ದಾರಿ ಈ ಕೇರಿ.
ಸಿಗಡಿ ಕೆರೆಯ ಒಡ್ಡು ಒಡೆದಾಗ ಮೂರು ಗಂಟೆ.
ದೇವು ಹರಿಕಂತ್ರನ ತಾಯಿಯನ್ನು
ಕಿತ್ತ ಬಾಗಿಲ ಮೇಲೆ ಮಲಗಿಸಿ ಎಳೆದು ತಂದರಂತೆ.
ಎರಡನೇ ಕ್ಲಾಸಿನ ಕೋಣೆಯಲ್ಲಿ ಮಗ್ಗಿಯ ಪಟದ ಕೆಳಗೆ ಕೂತು
ಎಲೆಯಡಿಕೆ ಡಬ್ಬಿ ಎಲ್ಲಿ
ಎಲೆಯಡಿಕೆ ಡಬ್ಬಿ ಎಲ್ಲಿ
ಎಂದು ಈಗಲೂ ಕೇಳುತ್ತಿದ್ದಾಳೆ.

ಕಾರಣ ಎಂಬಲ್ಲಿ 'ನೆರೆ' ಎಂದು
ಅಚ್ಚಾಗಿಯೇ ಬಂದಿದೆ.
ಷರಾದಲ್ಲಿ ಬರೆದೆ: ಕಾಂಡ್ಲಾ, ಮುನ್ನೂರ ನಲವತ್ತು.
ಜಾಗ ಸಾಲದೆ ಅಕ್ಷರ
ಪಕ್ಕದ ಗೆರೆ ದಾಟಿ ಹಾಳೆಯ ಅಂಚಿಗೆ ಹರಿಯಿತು.
ತಹಶೀಲ್ದಾರರು ಕೆಂಪುಪೆನ್ನಲ್ಲಿ ಹೊಡೆಯುತ್ತಾರೆ, ಗೊತ್ತು.
ಕೆಳಗೆ ರುಜು ಹಾಕಿದೆ.
ಅಲ್ಲಿ ಹಾಕಿದ್ದೂ ಇದೇ ರುಜು.

ಅವಳ ಹೆಬ್ಬೆಟ್ಟಿನ ಗೆರೆಗಳನ್ನು
ಚಿಪ್ಪು ಕೊಯ್ದು ಕೊಯ್ದು ಅಳಿಸಿದೆ.
ಶಾಯಿಯ ಒಂದು ಮುದ್ದೆ ಮಾತ್ರ ಮೂಡಿತು.

"ಇಳಿತ ಎಷ್ಟೊತ್ತಿಗೆ, ಗೊತ್ತಾ ತಮಾ ನಿಂಗೆ?"
ಒಂಬತ್ತು ವರ್ಷದ ನೌಕರಿ. ಗೊತ್ತಿರಲಿಲ್ಲ.
"ಈಗ," ಅಂದಳು.

ನೆರೆ ಶಾಲೆಯ ಮೆಟ್ಟಿಲಿಗೆ ತಂದು ಹಾಕಿದ
ಕಾಂಡ್ಲಾ ಕೋಡುಗಳು, ಎಳೆ ನುಗ್ಗೆಕಾಯಿಯಂಥವು,
ಅವಳ ಬುಟ್ಟಿಯಲ್ಲಿ ಅರ್ಧದಷ್ಟಿದ್ದವು.
ಸೀರೆ ಮೇಲೆ ಕಟ್ಟಿ ಇಳಿದು ಹೋದಳು.

ಮುಂದಿನವರು ಹೆಸರು ಹೇಳಿ ಕಾಯುತ್ತಿದ್ದರು.
ನಾನು ಬಗ್ಗಿದ್ದೆ.
ಬೂಟಿನ ದಾರ ನೆನೆದು
ಗಂಟು ಬಿಗಿದಿತ್ತು.