ಸಮತಟ್ಟು

ಮುಕ್ಕೋಡ್ಲು ದಾರಿಯಲ್ಲಿ ಮಂಜು.
ಗುಡ್ಡವಿಲ್ಲ, ಕಣಿವೆಯಿಲ್ಲ, ಜೀಪಿನ ಮೂತಿಯೂ ಇಲ್ಲ.
ಗೇರಿನ ಮೇಲೆ ಮೊಯ್ದುವಿನ ಎಡಗೈ, ಅಷ್ಟೇ.

ಎರಡು: ಏರುತ್ತಿದ್ದೇವೆ.
ಒಂದು: ಏರು ಕಡಿದಾಗುತ್ತಿದೆ.
ಮತ್ತೆ ಎರಡು, ಮೂರು. ಈಗಲೂ ಏರುತ್ತಲೇ ಇದ್ದೇವೆ,
ಏರುವ ಹಟ ಮಾತ್ರ ಸಡಿಲಾಗಿದೆ.
ಕಣ್ಣು ಮುಚ್ಚಿ ಗುಡ್ಡದ ಬೆನ್ನು ಬರೆಯಬಹುದು,
ಎಂಜಿನ್ನಿನ ಗೊರಕೆ ಕೇಳಿಕೊಂಡು.

ನನ್ನ ಮಡಿಲಲ್ಲಿ ಸೆಕೆಂಡ್ ಪಿಯುಸಿಯ
ಮೂವತ್ತೆಂಟು ಉತ್ತರಪತ್ರಿಕೆ.
ದೇಚಮ್ಮ ಬರೆದಿದ್ದಾಳೆ:
‘ಡೆರಿವೇಟಿವ್ ಸೊನ್ನೆ. ಆದ್ದರಿಂದ ಶಿಖರ.’
ಆ ‘ಆದ್ದರಿಂದ’ದ ಮೇಲೆ ನಿನ್ನೆ ರಾತ್ರಿ
ಕೆಂಪು ಗೀರು ಎಳೆದು ಅರ್ಧ ಅಂಕ ಕೊಟ್ಟಿದ್ದೆ.

ಜೀಪು ಸಮವಾಯಿತು. ಸೀಟು ಬೆನ್ನನ್ನು ಬಿಟ್ಟಿತು.
‘ತುದಿ ಬಂತಲ್ಲ ಮೊಯ್ದು!’ ಎಂದೆ.

ಅವನು ಗಾಜು ಒರೆಸುತ್ತ,
‘ಯಾರಿಗೆ ಗೊತ್ತು ಸಾರ್. ಮುಂದೆ ಇಳಿದರೆ ತುದಿ,
ಏರಿದರೆ ಬರೀ ಉಸಿರು ತಗೊಳ್ಳೋ ಜಾಗ.’

ಹತ್ತು ಮಾರು ಹೋದದ್ದೇ,
ಮತ್ತೆ ಎರಡು.

ಇಪ್ಪತ್ತೆರಡು ವರ್ಷ ಎಕ್ಸ್ ಘನದ ನಡುವಿನ
ಆ ಚಪ್ಪಟೆ ಚೂರನ್ನು ಬೋರ್ಡಿನ ಮೇಲೆ ಬರೆದು ಒರೆಸಿದವನು
ಇವತ್ತು ಅದರ ಮೇಲೇ ಕೂತು ಮೋಸಹೋದೆ.

ಪೆನ್ನು ಹುಡುಕಿದೆ. ಕುಲುಕಾಟಕ್ಕೆ ಕೈ ನಿಲ್ಲಲಿಲ್ಲ.
ಮಂಜಿಗೆ ಮೆತ್ತಗಾಗಿ
ದೇಚಮ್ಮನ ಸೊನ್ನೆ ನಿಧಾನ ಹರಡುತ್ತಿತ್ತು.