ಟಿಕೆಟ್ಟಿನ ಹಿಂದೆ ಬರೆದದ್ದು

ಬೆಳಗಿನ ಐದು ನಲವತ್ತು, ಹಾಸನದ ಬಸ್‌ಸ್ಟ್ಯಾಂಡು.
ಮೆಷಿನ್ನಿಗೆ ಹೊಸ ಕಾಗದದ ಸುರುಳಿ ತುರುಕುವಷ್ಟು ಹೊತ್ತೇ
ನನ್ನ ಪ್ರಾರ್ಥನೆ.
ಕರ್ತನೇ, ಈ ಬಾಯನ್ನು ಬೇಲೂರಿನ ತನಕ ಕಾಯಿ,
ವಾಪಸು ಬರುವಾಗಿನದನ್ನು ಅಲ್ಲೇ ಕೇಳಿಕೊಳ್ಳುತ್ತೇನೆ.
ಆಮೆನ್ ಅನ್ನುವ ಮೊದಲೇ
ಚೌಡೇಗೌಡರು ಗಾಡಿ ಶುರು ಮಾಡಿರುತ್ತಾರೆ.

ಬ್ಯಾಗಿನಲ್ಲೊಂದು ಪುಟ್ಟ ನೋಟ್‌ಬುಕ್ಕಿದೆ.
ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬರೆದು ಕೊಡುತ್ತೇವಲ್ಲ,
ಇಳಿಯುವಾಗ ಕೇಳಿ ಅಂತ,
ಅರ್ಧ ಜನ ಮರೆಯುತ್ತಾರೆ.
ನಾನು ಮರೆಯಬಾರದೆಂದು ಗುರುತು ಹಾಕಿಕೊಳ್ಳುತ್ತೇನೆ:
ಹಗರೆ, ಕರಿಬೇವಿನ ಮೂಟೆಯವರು, ಏಳು ರೂಪಾಯಿ.
ಕಾಲೇಜಿನ ಹುಡುಗ, ಕಿವಿಗೆ ವೈರು, ಮೂರು.
ಕೆಂಪು ಮಫ್ಲರಿನ ಮೇಷ್ಟ್ರು, ಎರಡು. ಬೇಡ ಅಂದರು. ಆದರೂ ಎರಡು.

ಡಿಪೋದಲ್ಲಿ ನಗುತ್ತಾರೆ.
'ಬುಡಿ ಮೇಡಂ, ಅವರೇ ಮರ್ತವ್ರೆ, ನೀವ್ಯಾಕೆ ನೆಪ್ಪಿಟ್ಕತೀರ?
ಒಂದು ಟೀಗಾಯ್ತದೆ.'
ಅಪ್ಪ ವೇದಮಿತ್ರ, ಮಿಷನ್ ಆಸ್ಪತ್ರೆಯ ಕಾಂಪೌಂಡರು,
ಮಾತ್ರೆ ಎಣಿಸುವಾಗ ತುಟಿ ಅಲ್ಲಾಡಿಸುತ್ತಿದ್ದರು.
ಚಿಕ್ಕವಳಿದ್ದಾಗ ಅದು ಪ್ರಾರ್ಥನೆ ಅಂದುಕೊಂಡಿದ್ದೆ.
ಬರೀ ಲೆಕ್ಕ.
ಈಗ ಅನಿಸುತ್ತದೆ, ಎರಡೂ ಒಂದೇ ಇದ್ದಿರಬೇಕು.

ಇಷ್ಟು ಹೇಳಿ ನಿಲ್ಲಿಸಿದ್ದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ.

ಆ ಮಂಗಳವಾರ, ಬೇಲೂರಿನಿಂದ ವಾಪಸು,
ಕಾಲೂರಲು ಜಾಗವಿಲ್ಲ.
ಕಂದಲಿಯಲ್ಲಿ ಒಬ್ಬ ಅಜ್ಜಿ, ಅವರೆಕಾಯಿ ಚೀಲ.
ಆಧಾರ್ ಮನೆಯಲ್ಲಿ, ಸೊಸೆಯ ಪೆಟ್ಟಿಗೆಯಲ್ಲಿ.
ಸೊನ್ನೆಯ ಟಿಕೆಟ್ಟಿಗೂ ಗುರುತು ಬೇಕು, ನಿಯಮ.
ನಿಯಮವಷ್ಟೇ ಹೇಳಿದ್ದರೆ ತಪ್ಪಿರಲಿಲ್ಲ.
'ಪುಕ್ಕಟೆ ಅಂದ್ರೆ ಹೆಣಾನೂ ಎದ್ದು ಬರ್ತದೆ, ಇಳಿ' ಅಂದೆ.
ಇಡೀ ಬಸ್ಸು ನಕ್ಕಿತು.
ಆ ನಗು ನನಗೆ ಒಂದು ಕ್ಷಣ ಹಿತವೆನಿಸಿತು.
ಅದನ್ನೂ ಬರೆಯುತ್ತಿದ್ದೇನೆ, ಹಿತವೆನಿಸಿದ್ದು ನಿಜವಾದ್ದರಿಂದ.
ಅಜ್ಜಿ ಇಳಿದಳು. ಚೀಲ ಮೊದಲು,
ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು.

ರಾತ್ರಿ ನೋಟ್‌ಬುಕ್ಕು ತೆರೆದೆ.
ಕಂದಲಿ, ಅಜ್ಜಿ.
ಎಷ್ಟು?
ಪೆನ್ನು ಅಲ್ಲೇ ನಿಂತಿತು.

ಭಾನುವಾರ ಸಭಾಪಾಲಕರು ದೀರ್ಘಶಾಂತಿಯ ಬಗ್ಗೆ ಮಾತಾಡಿದರು.
ಎಷ್ಟು ಉದ್ದದ ಪದ ಅಂದುಕೊಂಡೆ,
ಇಳಿ ಅನ್ನುವುದಕ್ಕೆ ಎರಡೇ ಅಕ್ಷರ ಸಾಕು.
ಕೊನೆಗೆ ಆಮೆನ್ ಅಂದವರಲ್ಲಿ ನನ್ನದೇ ಗಟ್ಟಿ ದನಿ.

ಆಮೇಲೆ ದಿನವೂ ಕಂದಲಿ ಬಂದರೆ ಕಿಟಕಿಗೆ ಬಗ್ಗುತ್ತಿದ್ದೆ.
ಹನ್ನೊಂದನೆಯ ದಿನವೋ ಹನ್ನೆರಡೋ,
ಅದೇ ಚೀಲ, ಅದೇ ಸೊಗಡು.
ಹತ್ತುತ್ತಲೇ ಕಾರ್ಡನ್ನು ನನ್ನ ಮುಖದ ಮುಂದೆ ಹಿಡಿದಳು,
ಪ್ಲಾಸ್ಟಿಕ್ ಹಾಕಿಸಿದ್ದಾಳೆ.
'ಅಜ್ಜಿ, ಅವತ್ತು ನಾನು...'
'ನೀನಲ್ಲ ಬುಡವ್ವ. ಅವತ್ತು ಬ್ಯಾರೆ ಕಂಡಕ್ಟ್ರು.
ಆವಮ್ಮಂದು ಭಾರಿ ಬಾಯಿ. ನಿನ್ ಮಕ ತಣ್ಣಗೈತೆ.'

ಎಷ್ಟು ಸುಲಭವಿತ್ತು.
ಬಾಗಿಲು ತಾನಾಗಿ ತೆರೆದಿತ್ತು,
ತಣ್ಣಗಿನ ಮುಖ ಹೊತ್ತು ನಾನೇ ಇಳಿದು ಹೋಗಬಹುದಿತ್ತು.

'ಆವಮ್ಮ ನಾನೇ ಅಜ್ಜಿ. ತಪ್ಪಾಯ್ತು.'
ಎಲ್ಲರಿಗೂ ಕೇಳುವ ಹಾಗೆ ಹೇಳಿದೆ,
ಅಂದದ್ದೂ ಹಾಗೇ ತಾನೆ.

ಕಣ್ಣು ಕಿರಿದು ಮಾಡಿ ನೋಡಿದಳು, ಬಹಳ ಹೊತ್ತು.
ಕ್ಷಮೆಯ ಮಾತೇನೂ ಬರಲಿಲ್ಲ.
'ಚೀಲ ಒಸಿ ಒಳೀಕೆ ಎಳಿ' ಅಂದಳು.
ಎಳೆದೆ. ಭಾರವಿತ್ತು.

ಟಿಕೆಟ್ಟು ಹರಿದು ಕೊಟ್ಟೆ. ಸೊನ್ನೆ ರೂಪಾಯಿ.
ಯಾರೋ ಎಲ್ಲೋ ಅದರ ದುಡ್ಡು ಕಟ್ಟಿಯೇ ಇರುತ್ತಾರೆ.
ಹಿಂದಿನ ಸೀಟಿನಿಂದ ಕೂಗು:
'ಕಂಡಕ್ಟ್ರೇ, ಮೂರು ರೂಪಾಯಿ ಬರ್ಬೇಕು!'
ಬಂದೆ ಅಂದೆ.
ರೈಟ್.