ಇಪ್ಪತ್ನಾಲ್ಕು ತಾಸು

ಮೂರು ವಾರ ನಾನು ಒಪ್ಪಿರಲಿಲ್ಲ.
ನಮ್ಮದಲ್ಲ, ಎಂದೆ. ಪಕ್ಕದವರ ಪೈಪಿರಬಹುದು,
ಟೆರೇಸಿನ ಟಾಕಿ ಇರಬಹುದು,
ಡೊಂಬಿವಲಿಯ ಕಟ್ಟಡ, ಮೂವತ್ತೆಂಟು ವಯಸ್ಸು,
ತಾನಾಗಿಯೇ ಬೆವರುತ್ತಿರಲೂಬಹುದು.
ಕೆಳಗಿನ ದಾಮ್ಲೆ ಕಾಕು ಜಗಳಕ್ಕೆ ಬರಲಿಲ್ಲ,
ಫೋಟೋ ಕಳಿಸುತ್ತಲೇ ಇದ್ದರು:
ಅವರ ಪಾಯಿಖಾನೆಯ ಛಾವಣಿ, ಅದರಲ್ಲೊಂದು ಕಲೆ,
ಸೋಮವಾರ ದೋಸೆಯಷ್ಟು,
ಮುಂದಿನ ಗುರುವಾರಕ್ಕೆ ಮೊರದಷ್ಟು.

ದಿನಾ ಒರೆಸಿದೆ. ಕಮೋಡಿನ ಬುಡಕ್ಕೆ
ಹಳೆಯ ಬನಿಯನ್ನು ಸುತ್ತಿ, ಹಿಂಡಿ, ಮತ್ತೆ ಸುತ್ತಿ,
ಹೇಳಿಕೊಳ್ಳಲಾಗದ ಕಾಯಿಲೆಗೆ
ಮನೆಮದ್ದು ಮಾಡಿಕೊಂಡ ಹಾಗೆ.

ಕೊನೆಗೆ ಬಂದವನು ಮಾಳಿಂಗರಾಯ,
ಅಕ್ಕಲಕೋಟೆ ಕಡೆಯವನು, ಬಿಲ್ಡಿಂಗಿಗೆಲ್ಲ ಮಾಲು.
ಮರಾಠಿಯಲ್ಲಿ ಶುರು ಮಾಡಿದ್ದ. ಬಕೆಟ್ಟು ಎಡವಿದ ನನ್ನ ಬಾಯಿಂದ
"ಇದರ ಹಣೆಬರಹವೇ" ಎಂದು ಬಿದ್ದದ್ದೇ ತಡ
ಕನ್ನಡಕ್ಕೆ ಇಳಿದ.
"ಬಟ್ಟೀಗಿ ಹಾಕೂ ನೀಲಿ ಐತೇನ್ರಿ ಅಕ್ಕಾರ?"

ಇತ್ತು. ಅರ್ಧ ಬಾಟಲಿ ಟ್ಯಾಂಕಿಗೆ ಸುರಿದು ಫ್ಲಶ್ ಒತ್ತಿದ.
ಇಬ್ಬರೂ ಕುಕ್ಕರಗಾಲಲ್ಲಿ ಕೂತು ಕಾದೆವು,
ಗಾಳ ಹಾಕಿದವರ ಹಾಗೆ, ಮಾತಿಲ್ಲದೆ.
ಬಿಳಿ ಸಿಮೆಂಟಿನ ಬಿರುಕಿನಲ್ಲಿ ಮೊದಲು ಏನಿಲ್ಲ.
ಆಮೇಲೆ
ಕೂದಲೆಳೆಯಷ್ಟು ನೀಲಿ.
"ನೋಡ್ರಿ," ಅಂದ. "ನೀರಿಗಿ ಸುಳ್ಳ ಹೇಳಾಕ ಬರಾಂಗಿಲ್ಲ."
ನಾನು ಬನಿಯನ್ನನ್ನು ಕಾಲಿನಿಂದ ಹಿಂದಕ್ಕೆ ಸರಿಸಿದೆ.

ನಟ್ಟು ತುಕ್ಕು ಹಿಡಿದಿತ್ತು. ತಲೆಗೆ ಹಚ್ಚುವ
ಕೊಬ್ಬರಿ ಎಣ್ಣೆ ಕೇಳಿ ಹನಿಸಿ,
ಬೈದು, ಬೇಡಿ, ಬಿಚ್ಚಿದ.
ಹೊಳೆಗೆ ಇಳಿಸುವ ಕುರಿಯನ್ನು ತಬ್ಬುವ ಹಾಗೆ
ತಬ್ಬಿ ಎತ್ತಿದ.
ನಾತದ ಬಗ್ಗೆ ಬರೆಯುವುದು ಬೇಡ.
ಬರೆಯಬೇಕಾದ್ದು ಆ ನೆಲ:
ಹಸಿರು ಚುಕ್ಕಿಯ ಮೊಸಾಯಿಕ್, ಒಂದು ಮಗ್ಗುಲು ಕಪ್ಪಗೆ ಕೊಳೆತು,
ಇನ್ನೊಂದು, ಹಾಸಿದ ದಿನದಷ್ಟು ಹೊಸದು.
ಪೈಪಿನ ಬಾಯಿಗೆ ಯಾರೋ ತುರುಕಿದ್ದು
ಸಿಮೆಂಟು ಚೀಲದ ಚೂರು. ಮೂವತ್ತೆಂಟು ವರ್ಷ ತಡೆದಿತ್ತು.
ಹಳೆಯ ಗಾರೆಯಲ್ಲಿ ಅವನದೇ ಇರಬೇಕು, ಹೆಬ್ಬೆರಳ ಗುರುತು.
ಮಾಲು ತನ್ನ ಹೆಬ್ಬೆರಳನ್ನು ಅದರಲ್ಲಿಟ್ಟು ನೋಡಿದ.
ಹಿಡಿಸಲಿಲ್ಲ.
"ಸಣ್ಣ ಹುಡುಗ ಇದ್ದಾನ್ರಿ ಅಂವಾ," ಅಂದ.
ಬೈಯಬೇಕೆಂದಿದ್ದವನು ಬೈಯಲಿಲ್ಲ.

ಹೊಸ ರಬ್ಬರಿನ ಬಳೆ, ಸಣಬು, ಮತ್ತೆ ಬಿಳಿ ಸಿಮೆಂಟು,
ನನ್ನ ಹಿಟ್ಟಿನ ಬೋಗುಣಿಯಲ್ಲೇ ಕಲಸಿ
ಬುಡದ ಸುತ್ತ ಬೆರಳಾಡಿಸಿದ.
"ಹಿಂದ ಒಂದ್ ಬಳ್ಳಿನಷ್ಟ ಬಿಟ್ಟೀನ್ರಿ, ಮುಚ್ಚಿಲ್ಲ.
ಮತ್ತ ಸೋರಿದ್ರ ಮೊದಲ ನಿಮಗ ಗೊತ್ತಾಗ್ಲಿ,
ಕೆಳಗಿನವ್ರಿಗಲ್ಲ."
ಚಹಾ ಬೇಡವೆಂದು ಕೈ ತೋರಿಸಿದ.
"ಇಪ್ಪತ್ನಾಕ್ ತಾಸು ಯಾರೂ ಕೂಡಬ್ಯಾಡ್ರಿ."

ಹಗಲು ಹೇಗೋ ಕಳೆಯಿತು. ರಾತ್ರಿ ನೀರು ಕುಡಿಯದೆ ಮಲಗಿದೆ.
ಬೆಳಿಗ್ಗೆ ಐದೂವರೆಗೆ
ಸ್ಟೇಷನ್ನಿನ ಸಾರ್ವಜನಿಕ ಶೌಚಾಲಯ ನೆನಪಾಯಿತು,
ಅದರ ಮುಂದಿನ ಸಾಲೂ.
ಹದಿನಾರು ಮೆಟ್ಟಿಲು ಇಳಿದೆ.
ಬೆಲ್ ಒತ್ತುವ ಮೊದಲು ಎರಡು ಸಲ ಕೈ ಹಿಂದೆ ತೆಗೆದೆ.

ನೈಟಿಯ ಮೇಲೆ ಟವೆಲು ಹೊದ್ದ ಕಾಕು, ಬಾಯಲ್ಲಿ ನೊರೆ.
ನಾನು "ಅದು... ಪ್ಲಂಬರ್..." ಎನ್ನುವಷ್ಟರಲ್ಲಿ
ಬ್ರಷ್ಷಿನಿಂದಲೇ ದಾರಿ ತೋರಿಸಿದರು.

ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಕೊಡೆ.
ಮಾರ್ಚ್ ತಿಂಗಳು.
ಯಾಕಿದು ಇಲ್ಲಿ ಎಂದು ಒಂದು ಗಳಿಗೆ ಹೊಳೆಯಲಿಲ್ಲ.
ತಲೆಯೆತ್ತಿದೆ: ಫೋಟೋದಲ್ಲಿ ಕಂಡದ್ದಕ್ಕಿಂತ ದೊಡ್ಡದು,
ಅಂಚಿಗೆ ತೆಳುವಾದ ನೀಲಿ,
ನಟ್ಟನಡುವೆ ಹನಿಯೊಂದು
ಬೀಳಲೋ ಬೇಡವೋ ಎಂದು ತುಂಬಿಕೊಳ್ಳುತ್ತಿತ್ತು.
ಹೊರಗೆ ಕಾಕು ಬಾಯಿ ಮುಕ್ಕಳಿಸುವ ಸದ್ದು.

ಕೊಡೆ ಬಿಚ್ಚಿ ಕೂತೆ.